ಸೇವಂತಿಗೆ ದಳ ದೊಡ್ಡದಾಗಲು ಯಾವ ಹಾರ್ಮೋನ್ ಹೊಡೆಯಬೇಕು?

ಮೊಗ್ಗಿನಲ್ಲಿ ಬಣ್ಣ ಕಾಣಿಸುತ್ತಿದೆ, ಈಗ ಜಿಬ್ಬರೆಲಿನ್ ಹೊಡೆಯಲಾ ಸೈಟೊಕೈನಿನ್ ಹೊಡೆಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಹಂತದಲ್ಲಿ ಹೊಡೆದು ಒಂದು ಪಾಲಿಹೌಸ್ ಹೂವು ಕಳೆದುಕೊಂಡವನು ನಾನು.

ಬೊಕೆಗೆ ಕಡ್ಡಿ ಸಮೇತ ಮಾರುವ ಬಿಳಿ ಸೇವಂತಿಗೆ ಹಾಕಿದ್ದೆ. ಹಬ್ಬ ಹತ್ತಿರ ಬಂತು, ಹೂವು ಮಾತ್ರ ಸಣ್ಣ. ಗೊಬ್ಬರದ ಅಂಗಡಿಯಿಂದ ಜಿಬ್ಬರೆಲಿಕ್ ಆಮ್ಲ, ಅಂದರೆ ಜಿಬ್ಬರೆಲಿನ್ ಪುಡಿ ತಂದೆ. ಅಳತೆಯಲ್ಲೇನೂ ಎಡವಟ್ಟಾಗಲಿಲ್ಲ: 10 ಲೀಟರ್ ನೀರಿಗೆ 1 ಗ್ರಾಂ, ಅಂದರೆ 100 ಪಿಪಿಎಂ (ಹತ್ತು ಲಕ್ಷ ಪಾಲಿಗೆ ನೂರು ಪಾಲು). ಪುಡಿ ನೀರಿನಲ್ಲಿ ಬೇಗ ಕರಗಲ್ಲ ಅಂತ ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿಯೂ ಇದ್ದೆ. ತಪ್ಪಿದ್ದು ಟೈಮು.

ದಳ ಬೆಳೆಯುವುದು ಎರಡು ಹಂತದಲ್ಲಿ. ಮೊಗ್ಗು ಹಸಿರಾಗಿ ಗಟ್ಟಿಯಾಗಿರುವಾಗ ಒಂದು ಜೀವಕೋಶ ಎರಡಾಗುತ್ತಾ ಸಂಖ್ಯೆ ಹೆಚ್ಚುತ್ತದೆ. ಸೈಟೊಕೈನಿನ್‌ಗೆ ಕೆಲಸ ಜಾಸ್ತಿ ಇರುವುದು ಆಗ. ಬಣ್ಣ ಕಾಣುವಷ್ಟರಲ್ಲಿ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ಆಮೇಲೆ ಇದ್ದ ಕೋಶಗಳೇ ನೀರು ಎಳೆದುಕೊಂಡು ಉಬ್ಬುತ್ತವೆ, ಅಷ್ಟೇ. ಜಿಬ್ಬರೆಲಿನ್ ಕೋಶ ಉಬ್ಬಿಸುತ್ತದೆ, ನಿಜ. ಆದರೆ ದಳ ಯಾವುದು, ತೊಟ್ಟು ಯಾವುದು ಅಂತ ಅದು ನೋಡಲ್ಲ. ನನ್ನ ಗಿಡಗಳಲ್ಲಿ ತೊಟ್ಟು ಉದ್ದಕ್ಕೆ ಬೆಳೆದುಬಿಟ್ಟಿತು. ತೆಳ್ಳಗೆ, ತಿಳಿ ಹಸಿರು, ಬೆರಳು ತಾಗಿದರೆ ಬಾಗುತ್ತಿತ್ತು. ಹೂವೆಲ್ಲಾ ತಲೆ ತಗ್ಗಿಸಿ ನಿಂತವು. ವ್ಯಾಪಾರಿ ಒಂದು ಕಟ್ಟು ಎತ್ತಿ ನೋಡಿ, "ಕತ್ತೇ ನಿಲ್ಲಲ್ವಲ್ಲ ಸ್ವಾಮಿ" ಅಂತ ಕೆಳಗಿಟ್ಟ.

ಪೆಟೂನಿಯಾ ಹೂವಿನ ಮೇಲೆ ಮಾಡಿದ ಪ್ರಯೋಗ ಓದಿ ಸುಮಾರು ಜನ ಇದಕ್ಕೆ ಕೈಹಾಕುತ್ತಾರೆ. ಎಳೆ ಮೊಗ್ಗಿನ ಕೇಸರ ಕಿತ್ತರೆ ದಳ ಸರಿಯಾಗಿ ಬೆಳೆಯಲ್ಲ, ಜಿಬ್ಬರೆಲಿನ್ ಕೊಟ್ಟರೆ ಮತ್ತೆ ಬೆಳೆಯುತ್ತದೆ ಅನ್ನುವುದು ಆ ಪ್ರಯೋಗ. ಕೇಸರದ ಜೊತೆ ಹೋದ ಜಿಬ್ಬರೆಲಿನ್ನನ್ನೇ ಅಲ್ಲಿ ವಾಪಸ್ ಕೊಟ್ಟರು. ನಿಮ್ಮ ಗಿಡದಲ್ಲಿ ಕೊರತೆ ಇದೆ ಅಂತ ಯಾರು ಹೇಳಿದರು?

ದೊಡ್ಡ ಹೂವೇ ಬೇಕಾದರೆ ಮುಂದಿನ ಬೆಳೆಯಲ್ಲಿ ಪಕ್ಕದ ಮೊಗ್ಗುಗಳನ್ನು ಸಣ್ಣದಿರುವಾಗಲೇ ಚಿವುಟಿ. ಕಡ್ಡಿಗೆ ತುದಿಯ ಮೊಗ್ಗು ಒಂದೇ ಇರಲಿ. ಬೇಜಾರಿನ ಕೆಲಸ, ಉಗುರೆಲ್ಲಾ ಹಸಿರಾಗುತ್ತದೆ, ಆದರೂ ಮಾಡಿ. ಕಡ್ಡಿ ದಪ್ಪ ಆಗುವ ತನಕ ರಾತ್ರಿ ಲೈಟ್ ಹಾಕಿ. ಸೇವಂತಿಗೆಗೆ ಉದ್ದನೆಯ ಕತ್ತಲು ಸಿಕ್ಕರೆ ಗಿಡ ಬಲಿಯುವ ಮೊದಲೇ ಮೊಗ್ಗಿಗೆ ತಿರುಗಿಬಿಡುತ್ತದೆ.

ಈ ಸಲಕ್ಕೆ ಡ್ರಿಪ್ ಒಂದು ದಿನವೂ ತಪ್ಪಿಸಬೇಡಿ. ಕೋಶ ಉಬ್ಬಲು ಈಗ ಬೇಕಿರುವುದು ನೀರು. ಹಾರ್ಮೋನ್ ಪೊಟ್ಟಣ ತಂದಿದ್ದು ಇನ್ನೂ ಒಡೆದಿಲ್ಲವಾದರೆ ಅಂಗಡಿಗೇ ವಾಪಸ್ ಕೊಡಿ.