ಬಾತ್‌ರೂಮಿಗೆ ಹೆದರಿ ನೀರು ಕುಡಿಯುವುದನ್ನೇ ಬಿಟ್ಟ ಅಮ್ಮ

ಪ್ರಶ್ನೆ: ಅಮ್ಮನಿಗೆ 74 ವರ್ಷ, ಮಂಡಿ ನೋವು ಜಾಸ್ತಿ. ನಮ್ಮದು ಹಳೇ ಮನೆ. ಟಾಯ್ಲೆಟ್ ಹಿತ್ತಲಲ್ಲಿದೆ, ಅದೂ ಇಂಡಿಯನ್. ಅಮ್ಮನ ರೂಮಿನ ಪಕ್ಕದಲ್ಲೇ ಕಮೋಡ್ ಹಾಕಿಸೋಣ ಅಂದರೆ, ದೇವರಮನೆ ಇರುವ ಕಡೆ ಅದು ಬೇಡವೇ ಬೇಡ ಎನ್ನುತ್ತಾರೆ. ರಾತ್ರಿ ಎದ್ದು ಹೋಗಬೇಕಾಗುತ್ತದೆ ಎಂದು ಸಂಜೆ ಮೇಲೆ ನೀರೇ ಕುಡಿಯುವುದಿಲ್ಲ. ಆರೋಗ್ಯಕ್ಕೆ ಇಂಡಿಯನ್ನೇ ಒಳ್ಳೆಯದು, ಸುಮ್ನೆ ಖರ್ಚು ಯಾಕೆ ಅಂತ ಅಣ್ಣನ ವಾದ. ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಮೊದಲು ಆ ನೀರಿನ ವಿಷಯ. ಅದನ್ನು ಓದಿ ನನಗೆ ಗಾಬರಿಯಾಯಿತು. ವಯಸ್ಸಾದವರು ನೀರು ಕಡಿಮೆ ಮಾಡಿದರೆ ಮಲಬದ್ಧತೆ, ಉರಿಮೂತ್ರ ಎಲ್ಲ ಶುರುವಾಗಬಹುದು, ಏಳುವಾಗ ತಲೆ ಸುತ್ತಬಹುದು. ಹಾಗೆ ತಲೆ ಸುತ್ತುವವರು ಕತ್ತಲಲ್ಲಿ, ನಿಮ್ಮ ಕಡೆಯ ಮಳೆಗಾಲದಲ್ಲಿ, ಒದ್ದೆ ಮೆಟ್ಟಿಲು ಇಳಿದು ಹಿತ್ತಲಿಗೆ ಹೋಗಬೇಕು. ಅಣ್ಣನಿಗೆ ಇದನ್ನೇ ಹೇಳಿ. ಬಿದ್ದು ಸೊಂಟದ ಮೂಳೆ ಮುರಿದರೆ ಆಗುವ ಖರ್ಚು, ಅಮ್ಮ ಪಡುವ ಪಾಡು, ಇವೆರಡರ ಮುಂದೆ ಒಂದು ಟಾಯ್ಲೆಟ್ ಕಟ್ಟಿಸುವ ಖರ್ಚು ದೊಡ್ಡದಲ್ಲ.

ಇಂಡಿಯನ್ ಒಳ್ಳೆಯದು ಅನ್ನುವುದು ಸುಳ್ಳೇನಲ್ಲ. ಕುಕ್ಕರುಗಾಲಲ್ಲಿ ಕೂತಾಗ ಗುದನಾಳವನ್ನು ಬಿಗಿಯಾಗಿ ಹಿಡಿದಿರುವ ಸ್ನಾಯು ಸಡಿಲವಾಗುತ್ತದೆ, ದಾರಿ ನೇರವಾಗುತ್ತದೆ, ತಿಣುಕುವುದು ಕಡಿಮೆ. ಆದರೆ ಅದು ಕೂತು ಏಳಲು ಆಗುವವರ ಮಾತು. ಬಕೆಟ್ ಅಂಚು ಹಿಡಿದು, ಹಲ್ಲು ಕಚ್ಚಿಕೊಂಡು ಏಳುವವರಿಗೆ ಆ ಲಾಭ ಕಟ್ಟಿಕೊಂಡು ಏನಾಗಬೇಕು? ಕಮೋಡ್ ಮೇಲೆ ಕೂತು ಕಾಲ ಕೆಳಗೆ ಪುಟ್ಟ ಮಣೆ ಇಟ್ಟುಕೊಂಡರೆ ಆ ಅನುಕೂಲವೂ ಸ್ವಲ್ಪ ಮಟ್ಟಿಗೆ ಸಿಗುತ್ತದೆ. (ಮಂಡಿ ಅಥವಾ ಸೊಂಟದ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಮಣೆ ಬೇಡ.)

ಅಮ್ಮನದು ಬರೀ ಹಠ ಅಂತ ತಳ್ಳಿಹಾಕಬೇಡಿ. ಅವರು ಚಿಕ್ಕವರಿದ್ದಾಗ ಕಕ್ಕಸು ಎಂದರೆ ನಾತ, ನೊಣ. ದೂರ ಇದ್ದಷ್ಟೂ ಒಳ್ಳೆಯದಿತ್ತು. ಈಗಿನ ಕಮೋಡಿನ ಬಾಗಿದ ಕೊಳವೆಯಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಗುಂಡಿಯ ನಾತ ಮನೆಯೊಳಗೆ ಬರದಂತೆ ಆ ನೀರೇ ತಡೆಯುತ್ತದೆ. ಯಾರಾದರೂ ನೆಂಟರ ಮನೆಗೆ ಕರೆದುಕೊಂಡು ಹೋಗಿ ತೋರಿಸಿ, ಎರಡು ದಿನ ಬಳಸಿ ನೋಡಲಿ. ಇನ್ನೊಂದು ಮಾತೂ ಕೇಳಿ ನೋಡಿ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬಚ್ಚಲು ತೊಳೆದು, ಹಂಡೆ ಬೆಳಗಿ, ಬಳ್ಳಿ ಸುತ್ತಿ ಪೂಜೆ ಮಾಡುತ್ತೇವಲ್ವಾ? ಮೈ ತೊಳೆಯುವ ಜಾಗಕ್ಕೆ ಅಷ್ಟು ಮರ್ಯಾದೆ, ಟಾಯ್ಲೆಟ್ ಮಾತ್ರ ಯಾಕೆ ಯಾರಿಗೂ ಬೇಡದ ಮೂಲೆ? ಹೊಸ ಮನೆ ಕಟ್ಟುವವರೂ ಹಾಲ್‌ನ ಸೀಲಿಂಗಿಗೆ ದುಡ್ಡು ಸುರಿದು, ಟಾಯ್ಲೆಟ್ಟಿಗೆ ಮೆಟ್ಟಿಲ ಕೆಳಗೆ ಮಿಕ್ಕ ಜಾಗ ಕೊಡುತ್ತಾರೆ. ನನಗಂತೂ ಇದು ಸರಿ ಕಾಣುವುದಿಲ್ಲ.

ಕಟ್ಟಿಸುವ ತನಕ ಕಾಯಬೇಡಿ. ಇಂಡಿಯನ್ ಟಾಯ್ಲೆಟ್ ಮೇಲೆ ಇಡುವ ಕಮೋಡ್ ಸ್ಟೂಲ್ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಈ ವಾರವೇ ತನ್ನಿ. ನಾಲ್ಕೂ ಕಾಲಿಗೆ ರಬ್ಬರ್ ಬುಶ್ ಇರಬೇಕು. ಹೊಸದು ಕಟ್ಟಿಸುವಾಗ ಸೀಟಿನ ಎತ್ತರ 16ರಿಂದ 18 ಇಂಚು, ಕೂತಾಗ ಅಮ್ಮನ ಪಾದ ನೆಲಕ್ಕೆ ಪೂರ್ತಿ ಊರಬೇಕು. ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ. ಟವೆಲ್ ರಾಡ್ ಹಿಡಿದು ಎದ್ದರೆ ಅದು ಕಿತ್ತು ಕೈಗೆ ಬರುತ್ತದೆ. ನುಣುಪು ಟೈಲ್ಸ್ ಬೇಡ. ಬಾಗಿಲು ಹೊರಕ್ಕೆ ತೆರೆಯಲಿ, ಯಾಕೆಂದರೆ ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಹೊರಗಿನವರು ತಳ್ಳಲು ಆಗುವುದಿಲ್ಲ.

ಪ್ರಶ್ನೆ: ನಮ್ಮ ಫ್ಲ್ಯಾಟಿಗೆ ಕೆಲಸಕ್ಕೆ ಬರುವವರು ಮೊನ್ನೆ "ಅಕ್ಕಾ, ಬಾತ್‌ರೂಮಿಗೆ ಹೋಗ್ಲಾ?" ಅಂತ ಕೇಳಿದರು. ನಾನು ಹೂಂ ಅಂದೆ. ಅತ್ತೆಗೆ ಸಿಟ್ಟು ಬಂದಿದೆ. ನಾನು ಮಾಡಿದ್ದು ತಪ್ಪಾ?
– ಓದುಗರು, ಬೆಂಗಳೂರು

ಉತ್ತರ: ಖಂಡಿತ ಅಲ್ಲ. ಬೆಳಗ್ಗೆ ಬೇಗ ಮನೆ ಬಿಟ್ಟು, ನಾಲ್ಕು ಮನೆಯ ಪಾತ್ರೆ ತೊಳೆದು ಮಧ್ಯಾಹ್ನ ವಾಪಸಾಗುವ ಹೆಂಗಸು ಇನ್ನೆಲ್ಲಿಗೆ ಹೋಗಬೇಕು? ಸಾಗರದ ಆ ಅಮ್ಮನ ಹಾಗೆ ಇವರೂ ನೀರು ಕುಡಿಯದೆ ತಡೆದುಕೊಳ್ಳುತ್ತಾರೆ. ಮುಟ್ಟಿನ ದಿನಗಳಲ್ಲಂತೂ ಪಾಡು ಹೇಳತೀರದು. ಟಾಯ್ಲೆಟ್ ಉಜ್ಜಲು ಅವರ ಕೈ ಬೇಕು, ಬಳಸಲು ಅವರು ಬೇಡ ಅನ್ನುವುದು ಕ್ಲೀನು, ಸೋಂಕು ಎಂಬ ಹೆಸರಲ್ಲಿ ನಡೆಯುವ ಹಳೇ ಮೈಲಿಗೆಯೇ. ತಲೆ ಮೇಲೆ ಮಲ ಹೊರಿಸುವುದನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿದರು. ದೇಶಕ್ಕೆ ಕಾಯ್ದೆ ಬಂದಿದ್ದು 1993ರಲ್ಲಿ, 2013ರಲ್ಲಿ ಇನ್ನಷ್ಟು ಬಿಗಿಯಾಯಿತು. ಕಾನೂನು ಬದಲಾದರೂ ನಮ್ಮ ಮನಸ್ಸಿನ ಮೈಲಿಗೆ ಹೋಗಿಲ್ಲ. ಅತ್ತೆಯ ಹತ್ತಿರ ಜಗಳ ಬೇಡ, ಆದರೆ ನೀವು ಹಿಂದೆ ಸರಿಯಲೂ ಬೇಡಿ. ಯಾವ ಬಾತ್‌ರೂಮ್ ಬಳಸಬಹುದು ಅಂತ ಕೆಲಸದವರಿಗೆ ಒಮ್ಮೆ ಹೇಳಿಬಿಡಿ, ಪ್ರತಿ ಸಲ ಕೇಳುವ ಮುಜುಗರ ಅವರಿಗೆ ಬೇಡ. ಅಲ್ಲೊಂದು ಸೋಪು, ಮುಚ್ಚಳ ಇರುವ ಕಸದ ಡಬ್ಬಿ ಇಡಿ.