ಮಾತಿಲ್ಲದ ಸಿನಿಮಾ ಬೋರ್ ಅಲ್ವಾ?

ಪ್ರಶ್ನೆ: ಮಾತೇ ಇಲ್ಲದ ಸಿನಿಮಾಕ್ಕೆ ಜನ ದುಡ್ಡು ಕೊಟ್ಟು ಹೋಗುತ್ತಿದ್ದರಾ? ಬೋರ್ ಆಗುತ್ತಿರಲಿಲ್ವಾ?
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಹೋಗುತ್ತಿದ್ದರು, ಅದೂ ಮುಗಿಬಿದ್ದು! ಬಾಂಬೆಯದೇ ಕಥೆ ಕೇಳಿ. 1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದರು. ಟಿಕೆಟ್ ಒಂದು ರೂಪಾಯಿ. ಆಗಿನ ಒಂದು ರೂಪಾಯಿ ಅಂದರೆ ಸುಮ್ನೆ ಅಲ್ಲ! ನೋಡಿದ್ದೇನು? ರೈಲು ಬಂದು ನಿಲ್ಲುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದು. ಅಷ್ಟೇ.

ಒಂದು ವಾರದಲ್ಲೇ ಆಟ ನಾವೆಲ್ಟಿ ಥಿಯೇಟರಿಗೆ ಬಂತು. ಅಲ್ಲಿ ನಾಲ್ಕಾಣೆಗೂ ಸೀಟು ಸಿಗುತ್ತಿತ್ತು. ಪರದಾ ಪದ್ಧತಿ ಪಾಲಿಸುವ ಹೆಂಗಸರಿಗೆ, ಅವರ ಮನೆಯವರಿಗೆ ಬೇರೆ ಬಾಕ್ಸ್ ಇಟ್ಟಿದ್ದರು. ಜಾಣ ವ್ಯಾಪಾರ, ಅಲ್ವಾ?

ಇನ್ನು ಬೋರ್ ವಿಷಯ. 'ಮೂಕಿ' ಅನ್ನುವುದು ಹೆಸರಿಗೆ ಮಾತ್ರ. ಹಾಲ್ ಒಳಗೆ ಗದ್ದಲವೋ ಗದ್ದಲ. ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದರು. ಓದು ಬರುವವರು ತೆರೆಯ ಮೇಲಿನ ಬರಹವನ್ನು ಪಕ್ಕದವರಿಗೆ ಜೋರಾಗಿ ಓದಿ ಹೇಳುತ್ತಿದ್ದರು. 1913ರ ಮೇ 3ರಂದು ಬಾಂಬೆಯ ಗಿರ್‌ಗಾಂವ್‌ನ ಕಾರೊನೇಷನ್ ಥಿಯೇಟರಿನಲ್ಲಿ ದಾದಾಸಾಹೇಬ್ ಫಾಲ್ಕೆಯವರ ಮೂಕಿ ಚಿತ್ರ 'ರಾಜಾ ಹರಿಶ್ಚಂದ್ರ' ಬಂದಾಗ ಜೊತೆಗೆ ಡಾನ್ಸ್, ಹಾಸ್ಯ ಎಲ್ಲಾ ಇತ್ತು. ತಾರಾಮತಿ ಪಾತ್ರ ಮಾಡಿದ್ದು ಸಾಳುಂಕೆ ಅನ್ನುವ ಗಂಡಸು, ಹೋಟೆಲಿನ ಅಡುಗೆಯವರು!

ನಾನು ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಕಾಲಾ ಘೋಡಾದಲ್ಲಿ ಆ ವಾಟ್ಸನ್ ಕಟ್ಟಡದ ಮುಂದೆಯೇ ದಿನಾ ನಡೆದು ಹೋಗುತ್ತಿದ್ದೆ. ಹಳೇ ಕಬ್ಬಿಣದ ಕಟ್ಟಡ. ಕೆಳಗೆ ನಿಂತು ಚಹಾ ಕುಡಿದಿದ್ದೇ ಜಾಸ್ತಿ. ಅದು ಯಾವ ಜಾಗ ಅಂತ ಗೊತ್ತಾಗಿದ್ದು ಊರಿಗೆ ವಾಪಸ್ ಬಂದ ಮೇಲೆ.