ಓದುಗರ ಪ್ರಶ್ನೆ: ಮೊಬೈಲ್ ಬದಲಾಗುತ್ತಿದೆ, ಪ್ರಚಾರ ಮಾಡುವವರು ಏನು ಮಾಡಬೇಕು?

ಪ್ರಶ್ನೆ: ನಾನು ಒಂದು ಸಂಸ್ಥೆಯ ಪ್ರಚಾರ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಮೊದಲೆಲ್ಲ ನಮ್ಮ ಮೊಬೈಲ್ ಜಾಹೀರಾತು ನೋಡಿದವರು ಯಾವ ಆ್ಯಪ್‌ನಿಂದ ಬಂದರು, ಆಮೇಲೆ ಏನು ಕೊಂಡರು ಎಂಬುದು ವರದಿಯಲ್ಲಿ ಸಿಗುತ್ತಿತ್ತು. ಈಗ ವರದಿಯ ಅರ್ಧ ಭಾಗ ಖಾಲಿ. ಹೀಗಿರುವಾಗ ಮೊಬೈಲ್ ಪ್ರಚಾರಕ್ಕೆ ಹಣ ಹಾಕುವುದು ಸರಿಯೇ?

ಉತ್ತರ: ವರದಿ ಖಾಲಿಯಾಗಿರುವುದು ನಿಮ್ಮ ತಪ್ಪಿನಿಂದಲ್ಲ. ಪ್ರತಿ ಫೋನಿಗೂ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಒಂದು ಆ್ಯಪ್‌ನಲ್ಲಿ ಜಾಹೀರಾತು ನೋಡಿದವರೇ ಇನ್ನೊಂದರಲ್ಲಿ ವಸ್ತು ಕೊಂಡರೆಂದು ತಾಳೆ ನೋಡುತ್ತಿದ್ದುದು ಮುಖ್ಯವಾಗಿ ಅದರ ಮೂಲಕವೇ. 2021ರ ಏಪ್ರಿಲ್‌ನಲ್ಲಿ ಬಂದ ಐಒಎಸ್ (ಐಫೋನನ್ನು ನಡೆಸುವ ತಂತ್ರಾಂಶ) 14.5ರಿಂದ, ಹೀಗೆ ಬೆನ್ನು ಹತ್ತುವ ಮೊದಲು ಪ್ರತಿ ಆ್ಯಪ್ ಕೂಡ ಬಳಕೆದಾರರ ಒಪ್ಪಿಗೆಯನ್ನು ನೇರವಾಗಿ ಕೇಳಲೇಬೇಕೆಂದು ಆ್ಯಪಲ್ ಕಡ್ಡಾಯ ಮಾಡಿತು. ಕೇಳಿದಾಗ ಬಹಳಷ್ಟು ಜನ ಬೇಡವೆಂದರು. ಅದೇ ವರ್ಷ ಐಒಎಸ್ 15ರ ಜೊತೆ ಬಂದ ಮೇಲ್ ಗೋಪ್ಯತೆಯ ಸೌಲಭ್ಯವು, ಓದುಗರು ತೆರೆಯಲಿ ಬಿಡಲಿ, ಪತ್ರದೊಳಗಿನ ಚಿತ್ರಗಳನ್ನು ತಾನೇ ಮುಂಚಿತವಾಗಿ ತರಿಸಿಕೊಳ್ಳುವುದರಿಂದ, ಆ ಚಿತ್ರಗಳನ್ನೇ ನೆಚ್ಚಿಕೊಂಡಿದ್ದ ಇಮೇಲ್ ತೆರೆದವರ ಲೆಕ್ಕವನ್ನೂ ನಂಬುವಂತಿಲ್ಲ.

ಇದನ್ನು ಬರೀ ನಷ್ಟವೆನ್ನಲು ನನಗೆ ಮನಸ್ಸಾಗುವುದಿಲ್ಲ. ಜನರಿಗೆ ತಿಳಿಯದಂತೆ ಕಲೆಹಾಕಿದ ಮಾಹಿತಿಯಲ್ಲಿ ಊಹೆಯೇ ಹೆಚ್ಚಿತ್ತು. ಓಡುವವರಿಗೆ ಶೂ ಮಾರುವ ಸಂಸ್ಥೆಯೊಂದನ್ನು ನೆನೆಸಿಕೊಳ್ಳಿ. ಯಾರೋ ಎರಡು ಕ್ರೀಡಾ ಪುಟಗಳನ್ನು ನೋಡಿದರೆಂದು ತಿಂಗಳಿಡೀ ಅವರಿಗೆ ಶೂ ಜಾಹೀರಾತು ತೋರಿಸುವುದು ಒಂದು ಬಗೆ. ‘ನೀವು ಓಡುವುದು ಡಾಂಬರು ರಸ್ತೆಯಲ್ಲೋ ಮಣ್ಣಿನ ದಾರಿಯಲ್ಲೋ, ವಾರಕ್ಕೆ ಎಷ್ಟು ಸಲ?’ ಎಂದು ಅವರನ್ನೇ ಕೇಳಿ, ಉತ್ತರಕ್ಕೆ ತಕ್ಕ ಶೂವನ್ನು ಅಲ್ಲೇ ಸೂಚಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಕೇಳಿದ್ದಕ್ಕೆ ಕಾರಣವಿದೆ, ಕೊಟ್ಟಿದ್ದಕ್ಕೆ ಪ್ರತಿಫಲವಿದೆ, ಮಾಹಿತಿಯೂ ನಿಮ್ಮಲ್ಲೇ ಉಳಿಯುತ್ತದೆ. ಇನ್ನು ಜಾಹೀರಾತಿನ ಫಲವನ್ನು ಅಳೆಯಲು ವ್ಯಕ್ತಿಗಳ ಬೆನ್ನು ಹತ್ತಬೇಕಾಗಿಲ್ಲ. ಒಂದೇ ಬಗೆಯ ಎರಡು ಪ್ರದೇಶಗಳನ್ನು ಆರಿಸಿ, ಒಂದರಲ್ಲಿ ಕೆಲವು ವಾರ ಜಾಹೀರಾತು ನಿಲ್ಲಿಸಿ, ಮಾರಾಟದಲ್ಲಿ ವ್ಯತ್ಯಾಸ ಬಂತೇ ಎಂದು ನೋಡಿ. ಹಿಂದಿನ ತುಂಬಿದ ವರದಿಗಳಿಗಿಂತ ಈ ಹಳೆಯ ವಿಧಾನವೇ ಎಷ್ಟೋ ಸಲ ಹೆಚ್ಚು ನಿಜ ಹೇಳುತ್ತದೆ.

ಪ್ರಶ್ನೆ: ನಮ್ಮದೇ ಆ್ಯಪ್ ಇರಲೇಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಇರುವ ಆ್ಯಪ್‌ನ ನೋಟಿಫಿಕೇಶನ್‌ಗಳನ್ನೇ ಜನ ಬಂದ್ ಮಾಡಿಬಿಡುತ್ತಾರೆ.

ಉತ್ತರ: ಜನ ಬಂದ್ ಮಾಡುವುದಕ್ಕಿಂತ, ನೀವು ಯಾವಾಗ ಕೇಳುತ್ತೀರಿ ಎಂಬುದನ್ನು ಮೊದಲು ಗಮನಿಸಿ. ಐಫೋನ್‌ನಲ್ಲಿ ನೋಟಿಫಿಕೇಶನ್‌ಗೆ ಒಪ್ಪಿಗೆ ಕೇಳುವ ಪದ್ಧತಿ ಮೊದಲಿನಿಂದಲೂ ಇದೆ. ಆ್ಯಂಡ್ರಾಯ್ಡ್‌ನಲ್ಲಿ 2022ರ 13ನೇ ಆವೃತ್ತಿಯಿಂದ ಬಂತು. ಆ್ಯಪ್ ತೆರೆದ ಮೊದಲ ಕ್ಷಣದಲ್ಲೇ, ಅದು ಏನು ಮಾಡುತ್ತದೆಂದು ತಿಳಿಯುವ ಮುನ್ನವೇ ಒಪ್ಪಿಗೆ ಕೇಳುವ ಪೆಟ್ಟಿಗೆ ಎದುರಾದರೆ ಯಾರಾದರೂ ಬೇಡವೆಂದೇ ಒತ್ತುತ್ತಾರೆ. ಅದೇ ಪ್ರಶ್ನೆಯನ್ನು, ಅವರು ಒಂದು ವಸ್ತುವಿಗೆ ಆರ್ಡರ್ ಕೊಟ್ಟ ಬಳಿಕ, ‘ಇದು ಹೊರಟಾಗ ತಿಳಿಸಬೇಕೇ?’ ಎಂದು ಕೇಳಿ ನೋಡಿ. ಒಪ್ಪಿಗೆ ಸಿಕ್ಕ ಮೇಲೆ ಅದೇ ದಾರಿಯಲ್ಲಿ ರಿಯಾಯಿತಿಯ ಸಂದೇಶಗಳನ್ನು ಸುರಿಯಬೇಡಿ. ಹೇಳಿದ್ದೊಂದು ಮಾಡಿದ್ದೊಂದು ಆದರೆ ಅವರು ಆ್ಯಪನ್ನೇ ತೆಗೆದುಹಾಕುತ್ತಾರೆ.

ಗ್ರಾಹಕರು ವರ್ಷಕ್ಕೆ ಒಂದೆರಡು ಸಲ ಬರುವ ವ್ಯವಹಾರವಾದರೆ ಆ್ಯಪ್ ಬೇಡವೆಂದೇ ನನ್ನ ಅಭಿಪ್ರಾಯ. ಜಾಲತಾಣವನ್ನೇ ಆ್ಯಪ್‌ನಂತೆ ಫೋನಿನ ಮುಖ್ಯ ಪರದೆಗೆ ಸೇರಿಸಿಕೊಳ್ಳುವ ಅವಕಾಶವಿದೆ. 2023ರ ಐಒಎಸ್ 16.4ರಿಂದ, ಹೀಗೆ ಸೇರಿಸಿಕೊಂಡ ತಾಣಗಳು ಐಫೋನಿಗೂ ನೋಟಿಫಿಕೇಶನ್ ಕಳುಹಿಸಬಲ್ಲವು. ಆದರೆ ತಾಣ ಬೇಗ ತೆರೆದುಕೊಳ್ಳಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ನಿಮ್ಮ ಕಚೇರಿಯ ವೈಫೈಯಲ್ಲಿ ಅಲ್ಲ, ನಾಲ್ಕು ವರ್ಷ ಹಳೆಯ ಫೋನಿನಲ್ಲಿ, ಸಿಗ್ನಲ್ ಕಡಿಮೆ ಇರುವ ಜಾಗದಲ್ಲಿ ನಿಂತು, ಒಂದೇ ಹೆಬ್ಬೆರಳಿನಿಂದ ಆರ್ಡರ್ ಮುಗಿಸಲು ಪ್ರಯತ್ನಿಸಿ. ಎಲ್ಲಿ ಬೇಸರ ಹುಟ್ಟುತ್ತದೋ ಅಲ್ಲೇ ನಿಮ್ಮ ಗ್ರಾಹಕರೂ ಬಿಟ್ಟುಹೋಗುತ್ತಿರುತ್ತಾರೆ.

ಪ್ರಶ್ನೆ: ಎಸ್ಸೆಮ್ಮೆಸ್‌ನ ಕಾಲ ಮುಗಿಯಿತೇ? ಆರ್‌ಸಿಎಸ್ ಎಂಬುದರ ಬಗ್ಗೆ ಕೇಳುತ್ತಿದ್ದೇವೆ.

ಉತ್ತರ: ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು. ಇಂಟರ್‌ನೆಟ್ ಇಲ್ಲದಿದ್ದರೂ, ಯಾವ ಆ್ಯಪ್ ಹಾಕಿಕೊಳ್ಳದಿದ್ದರೂ ತಲುಪುವ ಅದರ ಗುಣ ಇಂದಿಗೂ ಬೆಲೆಯುಳ್ಳದ್ದು. ಆದರೆ ಇಂಗ್ಲಿಷಿಗೆ 160 ಅಕ್ಷರಗಳ ಜಾಗವಿದ್ದರೆ, ಕನ್ನಡದಂಥ ಲಿಪಿಗಳಿಗೆ ಸಾಮಾನ್ಯವಾಗಿ ಸಿಗುವುದು 70 ಮಾತ್ರ. ಅದೂ ನಾವು ಎಣಿಸುವ ಅಕ್ಷರಗಳ ಲೆಕ್ಕವಲ್ಲ. ‘ಗ್ರಾಹಕರೇ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಒತ್ತಕ್ಷರ, ದೀರ್ಘ, ಏತ್ವಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ಅದು ಎಂಟು ಜಾಗ ಹಿಡಿಯುತ್ತದೆ. ‘ಮಾನ್ಯ ಗ್ರಾಹಕರೇ, ನಿಮಗೆ ಹೃತ್ಪೂರ್ವಕ ನಮಸ್ಕಾರಗಳು’ ಎಂದು ಆರಂಭಿಸುವಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಜಾಗ ಮುಗಿದು, ವಿಷಯವು ಎರಡನೆಯ ಸಂದೇಶಕ್ಕೆ ಹೋಗಿ, ಖರ್ಚು ಇಮ್ಮಡಿಯಾಗುತ್ತದೆ. ಇಷ್ಟಾದರೂ ಓದುಗರ ಭಾಷೆಯಲ್ಲೇ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬಿಡಬೇಕಾದದ್ದು ಅಲಂಕಾರವನ್ನೇ ಹೊರತು ಭಾಷೆಯನ್ನಲ್ಲ.

ಎಸ್ಸೆಮ್ಮೆಸ್‌ನ ಮುಂದಿನ ರೂಪದಂತಿರುವ, ಇಂಟರ್‌ನೆಟ್ ಮೂಲಕ ಹೋಗುವ ಆರ್‌ಸಿಎಸ್‌ನಲ್ಲಿ ಈ ಇಕ್ಕಟ್ಟು ಬಹುಮಟ್ಟಿಗೆ ಇಲ್ಲ. ಚಿತ್ರ, ಗುಂಡಿಗಳು, ದೃಢೀಕರಿಸಿದ ಸಂಸ್ಥೆಯ ಹೆಸರು, ಎಲ್ಲವೂ ಫೋನಿನ ಮೆಸೇಜ್ ಪೆಟ್ಟಿಗೆಯಲ್ಲೇ ಕಾಣುತ್ತವೆ. 2024ರಲ್ಲಿ ಐಒಎಸ್ 18ರ ಮೂಲಕ ಆ್ಯಪಲ್ ಕೂಡ ಇದನ್ನು ಅಳವಡಿಸಿಕೊಂಡದ್ದರಿಂದ ದೊಡ್ಡ ಅಡ್ಡಿಯೊಂದು ಸರಿಯಿತು. ಆದರೂ ಮೊಬೈಲ್ ಸೇವಾ ಕಂಪನಿಯ ಬೆಂಬಲ ಬೇಕು, ಡೇಟಾ ಬೇಕು. ಹಾಗಾಗಿ ತುರ್ತಾದುದಕ್ಕೆ ಎಸ್ಸೆಮ್ಮೆಸ್, ನೋಡಿ ಆರಿಸಬೇಕಾದುದಕ್ಕೆ ಆರ್‌ಸಿಎಸ್ ಎಂದು ಹಂಚಿಕೊಳ್ಳುವುದು ಸದ್ಯಕ್ಕೆ ಜಾಣತನ.

ಪ್ರಶ್ನೆ: ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ: ಇದೆ, ಆದರೆ ಅದು ನಿಮ್ಮ ಜಾಲತಾಣದ ಮುಖಪುಟಕ್ಕೆ ಕರೆದೊಯ್ಯಬಾರದು. ಪೊಟ್ಟಣ ಕೈಯಲ್ಲಿ ಹಿಡಿದವರಿಗೆ ಬೇಕಾದದ್ದು ಆ ವಸ್ತುವನ್ನು ಬಳಸುವ ವಿಧಾನ, ಬಿಡಿಭಾಗ ಅಥವಾ ವಾರಂಟಿ ನೋಂದಣಿ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹರಾ ಅವರ ತಂಡ ಈ ಕೋಡನ್ನು ರೂಪಿಸಿದ್ದೂ ವಾಹನದ ಬಿಡಿಭಾಗಗಳನ್ನು ಗುರುತಿಸಲೆಂದೇ.

ಪ್ರಶ್ನೆ: ಫೋನಿನೊಳಗೇ ಬರುತ್ತಿರುವ ಕೃತಕ ಬುದ್ಧಿಮತ್ತೆಯಿಂದ ನಮ್ಮ ಕೆಲಸಕ್ಕೆ ಏನಾಗಬಹುದು?

ಉತ್ತರ: ಈ ಎಲ್ಲ ಬದಲಾವಣೆಗಳಲ್ಲಿ ದೊಡ್ಡದು ಇದೇ ಎಂದು ನನಗನ್ನಿಸುತ್ತದೆ. ಈಗ ಕೆಲವು ಫೋನ್‌ಗಳು ರಾಶಿ ಬಿದ್ದ ನೋಟಿಫಿಕೇಶನ್‌ಗಳನ್ನೂ ಇಮೇಲ್‌ಗಳನ್ನೂ ತಾವೇ ಓದಿ, ಒಂದೆರಡು ಸಾಲಿಗೆ ಇಳಿಸಿ ತೋರಿಸುತ್ತವೆ. ಅಂದರೆ ನೀವು ಬರೆದ ಮಾತನ್ನು ಗ್ರಾಹಕರಿಗಿಂತ ಮೊದಲು ಯಂತ್ರ ಓದುತ್ತದೆ, ಮತ್ತು ತಪ್ಪಾಗಿಯೂ ಓದಬಹುದು. ಸುದ್ದಿಯ ಸಾರಾಂಶಗಳು ತಪ್ಪಾಗಿ ಬಂದವೆಂಬ ದೂರುಗಳ ನಂತರ, 2025ರ ಜನವರಿಯಲ್ಲಿ ಆ್ಯಪಲ್ ಆ ಸೌಲಭ್ಯವನ್ನು ಸುದ್ದಿ ಆ್ಯಪ್‌ಗಳಿಗೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆದುದರಿಂದ ಕುತೂಹಲ ಕೆರಳಿಸಲೆಂದು ವಿಷಯವನ್ನು ಮುಚ್ಚಿಡುವ ಶೀರ್ಷಿಕೆಗಳನ್ನು ಬಿಟ್ಟುಬಿಡಿ. ಸಾರಾಂಶ ಮಾಡುವ ಯಂತ್ರಕ್ಕೆ ಅದರಲ್ಲಿ ಹಿಡಿಯಲು ಏನೂ ಸಿಗದು. ಏನು, ಯಾವಾಗ, ಯಾರಿಗೆ ಎಂಬ ಮೂರನ್ನೂ ಮೊದಲ ವಾಕ್ಯದಲ್ಲೇ ಹೇಳಿ. ಕಳುಹಿಸುವ ಮೊದಲು ಅಂಥ ಫೋನೊಂದರಲ್ಲಿ ನಿಮ್ಮ ಸಂದೇಶ ಹೇಗೆ ಕಿರಿದಾಗುತ್ತದೆಂದು ನೋಡಿ, ದಿನಾಂಕವೋ ಷರತ್ತೋ ಬಿಟ್ಟುಹೋಗಿದ್ದರೆ ವಾಕ್ಯವನ್ನು ತಿದ್ದಿ ಮತ್ತೆ ಪರೀಕ್ಷಿಸಿ.